ಮಳೆ, ಹಳ್ಳ, ಜೀರುಂಡೆ, ಹಕ್ಕಿ: ನಿದ್ದೆಗೆ ಯಾರಿಗೆ ಯಾವ ಸದ್ದು?

ಶಿವಮೊಗ್ಗದ ಬಿ.ಎಚ್. ರಸ್ತೆ ಬದಿಯ ಮನೆಯಲ್ಲಿ ಮಲಗುವವರ ತೊಂದರೆ ಒಂದು ಥರ. ರಾತ್ರಿಯಿಡೀ ಲಾರಿ, ಬಸ್ಸಿನ ಹಾರ್ನು, ಬೀದಿ ನಾಯಿ. ತೀರ್ಥಹಳ್ಳಿ ಒಳಗಿನ ಒಂಟಿಮನೆಯಲ್ಲಿ ಮಲಗುವವರದ್ದು ಇನ್ನೊಂದು ಥರ. ಚಳಿಗಾಲದ ರಾತ್ರಿ ಅಲ್ಲಿ ಎಷ್ಟು ನಿಶ್ಶಬ್ದ ಅಂದರೆ, ಅಟ್ಟದ ಮೇಲೆ ಇಲಿ ಓಡಿದರೂ ಎಚ್ಚರವಾಗುತ್ತದೆ. ಇಬ್ಬರೂ ಫೋನಿನಲ್ಲಿ ‘ಮಳೆ ಸದ್ದು’ ಅಂತ ಹುಡುಕುತ್ತಾರೆ, ಮೊದಲು ಸಿಕ್ಕಿದ್ದನ್ನು ಹಾಕಿಕೊಂಡು ಮಲಗುತ್ತಾರೆ. ಒಬ್ಬರಿಗೆ ನಿದ್ದೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಇದರಲ್ಲಿ ಸದ್ದಿನ ತಪ್ಪೂ ಇಲ್ಲ, ಮನುಷ್ಯರ ತಪ್ಪೂ ಇಲ್ಲ. ಜೋಡಿ ಸರಿಹೊಂದಿಲ್ಲ, ಅಷ್ಟೇ.

ಆರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮಗೆ ಬೇಕಿರುವುದು ಮನಸ್ಸು ಹಗುರವಾಗುವುದಾ, ನಿದ್ದೆ ಹತ್ತುವುದಾ, ಅಥವಾ ಹತ್ತಿದ ನಿದ್ದೆ ಮಧ್ಯರಾತ್ರಿ ಮುರಿಯದಂತೆ ಕಾಯುವುದಾ? ಇವು ಮೂರು ಬೇರೆ ಬೇರೆ ಕೆಲಸ. ಒಂದಕ್ಕೆ ಚೆನ್ನಾಗಿರುವ ಸದ್ದು ಇನ್ನೊಂದಕ್ಕೆ ಅಡ್ಡಿಯಾಗಬಹುದು.

ನಿದ್ದೆ ಮಾಡುವಾಗ ಕಣ್ಣು ಮುಚ್ಚಿರುತ್ತದೆ, ಕಿವಿ ಮಾತ್ರ ತೆರೆದೇ ಇರುತ್ತದೆ. ಹೊಸದೇನಾದರೂ ಕೇಳಿಸಿತಾ ಅಂತ ಮಿದುಳು ರಾತ್ರಿಯಿಡೀ ಗಮನಿಸುತ್ತಿರುತ್ತದೆ. ದೊಡ್ಡ ಮಳೆಗೂ ಏಳದ ತಾಯಿ ಮಗುವಿನ ಸಣ್ಣ ಅಳುವಿಗೆ ಏಳುವುದು ಅದಕ್ಕೇ. ನಮ್ಮನ್ನು ಎಬ್ಬಿಸುವುದು ಸದ್ದಿನ ಜೋರಿಗಿಂತ ಹೆಚ್ಚಾಗಿ ಅದರ ಬದಲಾವಣೆ. ಸುತ್ತ ಪೂರ್ತಿ ನಿಶ್ಶಬ್ದ ಇದ್ದಾಗ ಬಾಗಿಲು ಕಿರ್ ಅಂದರೂ ದೊಡ್ಡ ಘಟನೆ. ಒಂದೇ ಸಮನಾದ ಸದ್ದು ಹಿಂದೆ ಇದ್ದರೆ ಅದೇ ಕಿರ್ ಅದರೊಳಗೆ ಮುಳುಗಿಹೋಗುತ್ತದೆ. ಹಾಗಾಗಿ ಪ್ರತಿ ಸದ್ದಿಗೂ ನಾನು ಹಾಕುವ ಪರೀಕ್ಷೆ ಒಂದೇ: ಇದು ಏನಾದರೂ ಸುದ್ದಿ ಹೇಳುತ್ತದಾ? ಹೇಳುತ್ತದೆ ಅಂದರೆ ಅದು ಸಂಜೆಗೆ ಇರಲಿ. ರಾತ್ರಿಗೆ ಏನೂ ಹೇಳದ ಸದ್ದು ಬೇಕು.

ಮಳೆ, ಆದರೆ ಯಾವ ಮಳೆ?

ಹೆಚ್ಚಿನವರಿಗೆ ನಾನು ಮೊದಲು ಹೇಳುವುದು ಮಳೆಯನ್ನೇ. ಸಾವಿರಾರು ಹನಿಗಳ ಸದ್ದು ಒಂದರಲ್ಲೊಂದು ಕಲೆತು ಹೋಗಿರುತ್ತದೆ, ಒಂದು ಹನಿ ಬೇರೆಯಾಗಿ ಕೇಳಿಸುವುದಿಲ್ಲ. ಅದರಲ್ಲಿ ಕೆಳಗಿನ ಸ್ವರವೂ ಇರುತ್ತದೆ, ಮೇಲಿನ ಸ್ವರವೂ ಇರುತ್ತದೆ. ಪಕ್ಕದ ಮನೆಯ ಟಿವಿ, ಮಾತು, ನಾಯಿ ಬೊಗಳುವುದು ಎಲ್ಲವನ್ನೂ ಅದು ಮುಚ್ಚಿಕೊಳ್ಳುತ್ತದೆ.

ಆದರೆ ಮಲೆನಾಡಿನವರಿಗೆ ಗೊತ್ತಿರುವ ಹಾಗೆ ಎಲ್ಲ ಮಳೆಯೂ ಒಂದೇ ಅಲ್ಲ. ಏಪ್ರಿಲ್-ಮೇ ತಿಂಗಳ ಮಳೆ ಗುಡುಗು, ಸಿಡಿಲು, ಗಾಳಿ ಕಟ್ಟಿಕೊಂಡು ಬರುತ್ತದೆ. ಅದು ಕೇಳಲು ಚಂದ, ನಿದ್ದೆಗೆ ಕೆಟ್ಟದು. ಮುಂದಿನ ಗುಡುಗು ಯಾವಾಗ ಅಂತ ಮನಸ್ಸು ಕಾಯತೊಡಗುತ್ತದೆ. ಆರಿದ್ರ, ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಗುಡುಗು ಕಡಿಮೆ. ಗಂಟೆಗಟ್ಟಲೆ ಒಂದೇ ಹದದಲ್ಲಿ ಸುರಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯಲ್ಲಿ ಜುಲೈ ರಾತ್ರಿ ಕಳೆದವರಿಗೆ ಆ ಹದ ಗೊತ್ತು. ಆ್ಯಪಿನಲ್ಲಿ ಆರಿಸುವಾಗ ‘ಥಂಡರ್‌ಸ್ಟಾರ್ಮ್’ ಅಂತ ಇರುವುದನ್ನು ಬಿಟ್ಟು ಬರೀ ‘ರೇನ್’, ‘ಸ್ಟೆಡಿ ರೇನ್’ ಅಂತ ಇರುವುದನ್ನು ಆರಿಸಿ.

ಮಳೆ ಯಾವುದರ ಮೇಲೆ ಬೀಳುತ್ತದೆ ಅನ್ನುವುದೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ತಗಡಿನ ಶೀಟಿನ ಮೇಲೆ ಬೀಳುವ ಮಳೆ ಚೂಪು. ಅದು ಮೇಲಿನ ಸ್ವರವನ್ನು ಚೆನ್ನಾಗಿ ಮುಚ್ಚುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಕಿವಿ ದಣಿಯುತ್ತದೆ. ಹಂಚಿನ ಮೇಲಿನ ಮಳೆ ಮೆತ್ತಗೆ. ತೋಟದಲ್ಲಿ, ಎಲೆಗಳ ಮೇಲೆ ಬೀಳುವುದು ಇನ್ನೂ ಮೆತ್ತಗೆ. ಶೀಟಿನ ಮನೆಯಲ್ಲಿ ಬೆಳೆದವರಿಗೆ ಆ ಚೂಪು ಸದ್ದೇ ಹಿತ ಅನ್ನಿಸಬಹುದು, ಅದು ಸರಿ. ಅಂಥ ಅಭ್ಯಾಸ ಇಲ್ಲದವರು ಹಂಚು ಅಥವಾ ಎಲೆಯಿಂದ ಶುರುಮಾಡುವುದು ಒಳ್ಳೆಯದು. ಸೂರಿನಿಂದ ತೊಟ್ಟಿಕ್ಕುವ ಹನಿ ಇರುವ ಧ್ವನಿಮುದ್ರಣ ಮಾತ್ರ ಬೇಡ. ಟಪ್ ಅಂತ ಒಂದು ಬಿದ್ದ ಮೇಲೆ ಇನ್ನೊಂದು ಎಷ್ಟು ಹೊತ್ತಿಗೆ ಬೀಳುತ್ತದೆ ಅಂತ ಗೊತ್ತಿರುವುದಿಲ್ಲ. ಕಿವಿ ಅದನ್ನೇ ಕಾಯುತ್ತದೆ.

ಇನ್ನೊಂದು ವಿಷಯ, ಇದನ್ನು ಹೊರಗಿನವರು ಬರೆದ ಸಲಹೆಗಳಲ್ಲಿ ನಾನು ಕಂಡಿಲ್ಲ. ಅಡಿಕೆ ತೋಟ ಇರುವ ಮನೆಯಲ್ಲಿ ಬಿಡದೆ ಹೊಯ್ಯುವ ಮಳೆ ಅಂದರೆ ಕೊಳೆ ರೋಗದ ಚಿಂತೆ. ಆ ರೋಗ ತಡೆಯುವ ಬೋರ್ಡೋ ದ್ರಾವಣವನ್ನು ಎರಡನೇ ಸಲ ಹೊಡೆಯಲು ಬಿಡುವೇ ಕೊಡದ ಮಳೆಗಾಲ ಕಂಡವರಿಗೆ ಆ ಸದ್ದಿನಲ್ಲಿ ಉದುರಿದ ಅಡಿಕೆಯೇ ಕಾಣುತ್ತದೆ. ಅಂಥವರಿಗೆ ಮಳೆ ಹಾಕಿಕೊಂಡು ಮಲಗಿ ಅಂತ ಹೇಳುವುದು ಸರಿಯಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದ್ದನ್ನು ಕಂಡವರಿಗೂ ಹಾಗೆಯೇ, ಮಳೆಯೂ ಹೊಳೆಯೂ ಎರಡೂ ಬೇಡ ಅನ್ನಿಸಬಹುದು. ಸದ್ದು ಕೇಳಿದಾಗ ಭುಜ ಬಿಗಿಯಾಗುತ್ತಿದ್ದರೆ, ಎಷ್ಟೇ ಜನ ಹೊಗಳಿದರೂ ಅದು ನಿಮ್ಮ ಸದ್ದಲ್ಲ. ಬೇರೆಯದಕ್ಕೆ ಹೋಗಿ.

ಹಳ್ಳ, ಹೊಳೆ, ಅಬ್ಬಿ

ಹೊಳೆ ದೊಡ್ಡದಾದಷ್ಟೂ ಸದ್ದು ಜಾಸ್ತಿ ಅಂತ ಅನ್ನಿಸುತ್ತದೆ. ಹಾಗಿಲ್ಲ. ತುಂಗೆ-ಭದ್ರೆ ಸೇರುವ ಕೂಡ್ಲಿಯಲ್ಲಿ ನೀರು ಅಗಲವಾಗಿ, ಹೆಚ್ಚು ಸದ್ದಿಲ್ಲದೆ ಹರಿಯುತ್ತದೆ. ಕಾಡಿನ ಸಣ್ಣ ಹಳ್ಳ ಅದಕ್ಕಿಂತ ಹೆಚ್ಚು ಮಾತಾಡುತ್ತದೆ. ಹರಿಯುವ ನೀರಿನ ಸದ್ದು ಮುಖ್ಯವಾಗಿ ಬರುವುದು ಅದರೊಳಗೆ ಸಿಕ್ಕಿಕೊಳ್ಳುವ ಗಾಳಿಗುಳ್ಳೆಗಳಿಂದ. ಇದನ್ನು 1933ರಲ್ಲಿ ಮಾರ್ಸೆಲ್ ಮಿನಾರ್ಟ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದ. ಸಣ್ಣ ಗುಳ್ಳೆಗೆ ಎತ್ತರದ ಸ್ವರ, ದೊಡ್ಡದಕ್ಕೆ ತಗ್ಗಿನ ಸ್ವರ. ಕಲ್ಲಿನ ಮೇಲೆ ಹಾರುವ ಹಳ್ಳದಲ್ಲಿ ಗುಳುಗುಳು ಜಾಸ್ತಿ. ಎತ್ತರದಿಂದ ಬೀಳುವ ಅಬ್ಬಿಯಲ್ಲಿ ಆಳದ ಮೊರೆತ ಜಾಸ್ತಿ.

ಹಳ್ಳದ ಗುಳುಗುಳು ಒಂದೇ ಹದದಲ್ಲಿ ಇರುವುದಿಲ್ಲ, ಸ್ವಲ್ಪ ಸ್ವಲ್ಪ ಬದಲಾಗುತ್ತಿರುತ್ತದೆ. ಹಾಗಾಗಿ ಓದುವಾಗ, ಬೆನ್ನು ಒರಗಿಸಿ ಕೂತಾಗ, ಕೆಲಸ ಮುಗಿಸಿ ಬಂದು ಕಣ್ಣುಮುಚ್ಚಿದಾಗ ಅದರಷ್ಟು ಹಿತ ಬೇರೆ ಇಲ್ಲ. ಪೂರ್ತಿ ರಾತ್ರಿಗೆ ಬೇಕಾದರೆ ಹೊಳೆಯನ್ನು ಸ್ವಲ್ಪ ದೂರದಿಂದ ಮುದ್ರಿಸಿದ್ದನ್ನು ಹುಡುಕಿ, ಗುಳುಗುಳು ಕಲೆತು ಒಂದಾಗಿರುತ್ತದೆ. ವಯಸ್ಸಾದವರು ಒಂದು ಗಮನಿಸಬೇಕು. ಹರಿಯುವ ನೀರಿನ ಸದ್ದು ಕೇಳಿದರೆ ಕೆಲವರಿಗೆ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ. ಮೊದಲೇ ರಾತ್ರಿ ಎರಡು ಮೂರು ಸಲ ಏಳುವವರಿಗೆ ಇದು ಬೇಡ.

ಜಲಪಾತ ಗೊರಕೆಗೆ ಮತ್ತು ಲಾರಿಗೆ ಮದ್ದು. ಅವೆರಡೂ ತಗ್ಗಿನ ಸ್ವರದ ಸದ್ದುಗಳು. ಮೇಲಿನ ಸ್ವರವೇ ಜಾಸ್ತಿ ಇರುವ ತಗಡಿನ ಮಳೆ ಅವನ್ನು ಮುಚ್ಚುವುದಿಲ್ಲ. ಜೋಗದಲ್ಲಿ ಶರಾವತಿ 253 ಮೀಟರ್ ಕೆಳಗೆ ಬೀಳುವ ಸದ್ದನ್ನು ಮಳೆಗಾಲದಲ್ಲಿ ನಿಂತು ಕೇಳಿದ್ದರೆ, ಆ ಮೊರೆತ ಕಿವಿಗಿಂತ ಎದೆಗೆ ಮೊದಲು ತಾಗುವುದು ನೆನಪಿರುತ್ತದೆ. ಆ್ಯಪುಗಳಲ್ಲಿ ‘ಬ್ರೌನ್ ನಾಯ್ಸ್’ ಅಂತ ಇರುವುದು ಹೆಚ್ಚು ಕಡಿಮೆ ಇದೇ ಜಾತಿ. ಸ್ವರ ಒಂದು ಸಪ್ತಕ ಮೇಲೆ ಹೋದಂತೆ ಅದರ ಬಲ 6 ಡೆಸಿಬೆಲ್ ಇಳಿಯುತ್ತದೆ. ‘ಪಿಂಕ್ ನಾಯ್ಸ್’ನಲ್ಲಿ 3 ಡೆಸಿಬೆಲ್ ಇಳಿಯುತ್ತದೆ, ಒಂದೇ ಸಮನಾದ ಮಳೆ ಅದಕ್ಕೆ ಹತ್ತಿರ. ‘ವೈಟ್ ನಾಯ್ಸ್’ನಲ್ಲಿ ಎಲ್ಲ ಕಂಪನಕ್ಕೂ ಸಮ ಬಲ, ಹಾಗಾಗಿ ಕಿವಿಗೆ ಅದು ಸ್ಸ್ಸ್ ಅಂತಲೇ ಕೇಳುತ್ತದೆ.

ಇಲ್ಲಿ ಒಂದು ತೊಡಕಿದೆ. ಫೋನಿನ ಪುಟ್ಟ ಸ್ಪೀಕರಿಗೆ ತಗ್ಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ. ಅದರಲ್ಲಿ ಜೋಗ ಹಾಕಿದರೂ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ಜಲಪಾತ ಬೇಕು ಅಂದರೆ ಒಂದು ಬ್ಲೂಟೂತ್ ಸ್ಪೀಕರ್ ಬೇಕು, ಅಂಗೈಗಿಂತ ಸ್ವಲ್ಪ ದೊಡ್ಡದಾದರೆ ಒಳ್ಳೆಯದು. ಅದು ಇಲ್ಲದಿದ್ದರೆ ಮಳೆಯಲ್ಲೇ ಇರಿ.

ಜೀರುಂಡೆ ಮತ್ತು ಕಪ್ಪೆ

ಮಲೆನಾಡಿನಲ್ಲಿ ಬೆಳೆದು ಊರು ಬಿಟ್ಟವರಿಗೆ ಇದರ ಮೇಲೆ ಆಸೆ ಜಾಸ್ತಿ. ರಾತ್ರಿಯ ಜೀರುಂಡೆ ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡುತ್ತದೆ, ಹಾಡುವುದು ಹೆಚ್ಚಾಗಿ ಗಂಡು. ಬೆಚ್ಚಗಿದ್ದರೆ ಬೇಗ ಬೇಗ, ಚಳಿ ಇದ್ದರೆ ನಿಧಾನ. ಎಷ್ಟು ಕಟ್ಟುನಿಟ್ಟು ಅಂದರೆ, ಅದರ ಲಯ ಎಣಿಸಿ ತಾಪಮಾನ ಅಂದಾಜು ಮಾಡುವ ಸೂತ್ರವನ್ನು ಅಮೆರಿಕದ ಏಮಸ್ ಡಾಲ್ಬೇರ್ 1897ರಲ್ಲೇ ಬರೆದಿದ್ದ. ನಿಧಾನ ಲಯದ ಧ್ವನಿಮುದ್ರಣ ಆರಿಸಿದರೆ ಉಸಿರೂ ನಿಧಾನಕ್ಕೆ ಬರುತ್ತದೆ ಅನ್ನುವುದು ನನ್ನ ಅನುಭವ.

ಜೀರುಂಡೆಯ ಸ್ವರ ಬಹಳ ಎತ್ತರ, ಸಾಮಾನ್ಯವಾಗಿ 4,000-5,000 ಹರ್ಟ್ಸ್ ಸುತ್ತಮುತ್ತ. ಅದರಿಂದ ಎರಡು ಪರಿಣಾಮ. ಒಂದು, ಅದು ಲಾರಿಯನ್ನಾಗಲಿ ಗೊರಕೆಯನ್ನಾಗಲಿ ಮಾತನ್ನಾಗಲಿ ಮುಚ್ಚುವುದಿಲ್ಲ. ಎರಡು, ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರವನ್ನೇ. ಅಜ್ಜಿಯ ಕೋಣೆಯಲ್ಲಿ ಮೊಮ್ಮಗ ಜೀರುಂಡೆ ಹಾಕಿದರೆ ಅವನಿಗೆ ಜೋರು ಅನ್ನಿಸುವುದು ಅಜ್ಜಿಗೆ ಕೇಳಿಸದೆಯೂ ಇರಬಹುದು. ಹಿರಿಯರಿಗೆ ಹಂಚಿನ ಮಳೆ ಅಥವಾ ದೂರದ ಹೊಳೆ ಹಾಕಿ. ಕಿವಿಯಲ್ಲಿ ಸದಾ ಗುಂಯ್ ಅನ್ನುವ ತೊಂದರೆ ಇರುವವರಲ್ಲಿ ಕೆಲವರಿಗೆ ಜೀರುಂಡೆ ಆ ಗುಂಯ್ ಅನ್ನು ಕರಗಿಸುತ್ತದೆ, ಕೆಲವರಿಗೆ ಅದೇ ಇನ್ನೊಂದು ಗುಂಯ್ ಆಗುತ್ತದೆ. ಹಗಲು ಹೊತ್ತು ಹಾಕಿ ನೋಡಿ ತೀರ್ಮಾನಿಸಿ.

ಕಪ್ಪೆಗಳ ವಟವಟದಲ್ಲಿ ಸುದ್ದಿ ಜಾಸ್ತಿ. ಯಾರಾದರೂ ಹತ್ತಿರ ಬಂದರೆ ಕಪ್ಪೆಗಳು ತಟ್ಟನೆ ನಿಲ್ಲಿಸುತ್ತವೆ, ಜೀರುಂಡೆಯೂ ಹಾಗೆಯೇ. ಗದ್ದೆ ಅಂಚಿನ ಮನೆಯಲ್ಲಿ ಮಲಗಿದವರಿಗೆ ಆ ಮೌನವೇ ಎಚ್ಚರಿಕೆ. ಧ್ವನಿಮುದ್ರಣದಲ್ಲಿ ಇಂಥ ತಟ್ಟನೆಯ ಮೌನ ಇದ್ದರೆ ಅಲ್ಲಿಗೆ ಎಚ್ಚರವಾಗುತ್ತದೆ. ಕೊಳ್ಳುವ ಅಥವಾ ಇಳಿಸಿಕೊಳ್ಳುವ ಮೊದಲು ಮಧ್ಯದಲ್ಲಿ ಅಲ್ಲಲ್ಲಿ ಕೇಳಿ ನೋಡಿ.

ಹಕ್ಕಿ ಸಂಜೆಗೆ ಮತ್ತು ಬೆಳಗಿಗೆ

ಮನಸ್ಸಿನ ಭಾರ ಇಳಿಸಲು ಹಕ್ಕಿಗಳಿಗೆ ಸಾಟಿ ಇಲ್ಲ. ಪ್ರಕೃತಿಯ ಸದ್ದು ಮತ್ತು ಆರೋಗ್ಯದ ಬಗ್ಗೆ ಆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಲೇಖನವೊಂದು 2021ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಒಳ್ಳೆಯ ಭಾವನೆ ಮತ್ತು ಆರೋಗ್ಯಕ್ಕೆ ನೀರಿನ ಸದ್ದು ಮುಂದೆ, ಒತ್ತಡ ಮತ್ತು ಕಿರಿಕಿರಿ ಇಳಿಸುವುದರಲ್ಲಿ ಹಕ್ಕಿಯ ಸದ್ದು ಮುಂದೆ. ಹಾಗಾಗಿ ಆಫೀಸಿನಿಂದ ಬಂದು ತಲೆ ಬಿಸಿ ಇದ್ದಾಗ ಹಕ್ಕಿ, ದೀಪ ಆರಿಸಿದ ಮೇಲೆ ನೀರು. ಈ ಜೋಡಿ ನನಗೆ ಬಹಳ ಇಷ್ಟ.

ರಾತ್ರಿಗೆ ಹಕ್ಕಿ ಬೇಡ ಅನ್ನಲು ಕಾರಣ ಸರಳ. ಹಕ್ಕಿಯ ಕೂಗು ಇರುವುದೇ ಯಾರಿಗೋ ಏನೋ ಹೇಳಲು. ಒಂದೊಂದು ಕೂಗೂ ಬೇರೆ, ನಡುವೆ ಮೌನ. ಜೊತೆಗೆ ಅದು ಬೆಳಗಾಯಿತು ಅನ್ನುವ ಸೂಚನೆ. ಮಲಬಾರ್ ವಿಸ್ಲಿಂಗ್ ಥ್ರಶ್ ಅನ್ನುವ ಹಕ್ಕಿ ಪಶ್ಚಿಮ ಘಟ್ಟದ ಹಳ್ಳಗಳ ಬದಿ ನಸುಕಿನಲ್ಲೇ ಹಾಡಲು ಶುರುಮಾಡುತ್ತದೆ. ಯಾರೋ ಹುಡುಗ ದಾರಿಯಲ್ಲಿ ಸುಮ್ನೆ ಸಿಳ್ಳೆ ಹಾಕುತ್ತಾ ಹೋಗುತ್ತಿದ್ದಾನೆ ಅನ್ನಿಸುತ್ತದೆ. ಅದನ್ನು ಅಲಾರಂ ಆಗಿ ಇಟ್ಟುಕೊಂಡರೆ ಏಳುವುದು ಎಷ್ಟು ಹಗುರ ಅಂತೀರಿ! ಝೆನೋ-ಕ್ಯಾಂಟೊ ಎಂಬ ತಾಣದಲ್ಲಿ 2005ರಿಂದ ಜಗತ್ತಿನ ಹಕ್ಕಿಗಳ ಸದ್ದನ್ನು ಜನರೇ ಕೂಡಿಡುತ್ತಿದ್ದಾರೆ, ಹುಡುಕಿದರೆ ಅಲ್ಲಿ ಉಚಿತವಾಗಿ ಸಿಗುತ್ತದೆ. ಶಿವಮೊಗ್ಗ-ತೀರ್ಥಹಳ್ಳಿ ದಾರಿಯ ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳ ಗದ್ದಲವನ್ನು ಮಾತ್ರ ಈ ಉದ್ದೇಶಕ್ಕೆ ಮುದ್ರಿಸಬೇಡಿ. ಕಣ್ಣಿಗೆ ಹಬ್ಬ, ಆದರೆ ಸದ್ದು ಕರ್ಕಶ.

ಕಡಲು ಮತ್ತು ಫ್ಯಾನು

ಕಡಲಿನ ಅಲೆ ಏರುತ್ತದೆ, ಇಳಿಯುತ್ತದೆ. ಅದರ ಜೊತೆ ಉಸಿರು ಬಿಡುತ್ತಾ ಹೋದರೆ ನಿದ್ದೆ ಹತ್ತಲು ಒಳ್ಳೆಯದು. ಆದರೆ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಹೊರಗಿನ ಹಾರ್ನು ನುಸುಳುತ್ತದೆ. ರಸ್ತೆ ಬದಿಯವರಿಗೆ ಇದು ಸಾಲದು.

ಫ್ಯಾನು ಪ್ರಕೃತಿಯ ಸದ್ದಲ್ಲ, ಆದರೂ ಹೋಲಿಕೆಯಲ್ಲಿ ಅದನ್ನು ಬಿಡುವ ಹಾಗಿಲ್ಲ. ಕೆಲಸಕ್ಕೋ ಓದಿಗೋ ಬಯಲುಸೀಮೆಯಿಂದ ಮಲೆನಾಡಿಗೆ ಬಂದವರು ಡಿಸೆಂಬರ್ ಚಳಿಯಲ್ಲಿ ಫ್ಯಾನು ನಿಲ್ಲಿಸಿದ ಕೂಡಲೇ ನಿದ್ದೆ ಕಳೆದುಕೊಳ್ಳುತ್ತಾರೆ. ಅವರಿಗೆ ಬೇಕಿರುವುದು ಗಾಳಿಯಲ್ಲ, ಆ ಗುಂಗು. ಫ್ಯಾನಿನ ಧ್ವನಿಮುದ್ರಣ ಅಥವಾ ಒಂದೇ ಸಮನಾದ ಮಳೆ ಅದೇ ಕೆಲಸ ಮಾಡುತ್ತದೆ.

ಹಾಕುವ ರೀತಿ

ಸದ್ದು ಎಷ್ಟೇ ಚೆನ್ನಾಗಿದ್ದರೂ ಹಾಕುವ ರೀತಿ ಕೆಟ್ಟರೆ ಉಪಯೋಗವಿಲ್ಲ. ಮಧ್ಯರಾತ್ರಿ ಜಾಹೀರಾತು ಕಿರುಚಿದರೆ ಮುಗಿಯಿತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದು ಹೊಸದಲ್ಲ. ಹಾಗಾಗಿ ಫೈಲನ್ನು ಫೋನಿಗೆ ಇಳಿಸಿಕೊಳ್ಳಿ, ಏರೋಪ್ಲೇನ್ ಮೋಡ್ ಹಾಕಿ, ಪರದೆ ಆರಿಸಿ ದೂರ ಇಡಿ. ಐಫೋನ್ ಇರುವವರಿಗೆ ಬೇರೆ ಆ್ಯಪ್ ಬೇಕಾಗಿಲ್ಲ. 2021ರ ಐಓಎಸ್ 15ರಿಂದ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ‘ಬ್ಯಾಕ್‌ಗ್ರೌಂಡ್ ಸೌಂಡ್ಸ್’ ಇದೆ, ಮಳೆ, ಕಡಲು, ಹಳ್ಳ ಎಲ್ಲ ಅದರಲ್ಲಿವೆ.

ಧ್ವನಿಮುದ್ರಣ ಉದ್ದ ಇರಲಿ. ಅರ್ಧ ನಿಮಿಷದ ತುಣುಕನ್ನೇ ಮತ್ತೆ ಮತ್ತೆ ಸುತ್ತಿಸಿದ್ದರೆ, ಅದೇ ಹನಿ ಮತ್ತೆ ಬಂತು ಅಂತ ಕಿವಿಗೆ ಗೊತ್ತಾಗಿಬಿಡುತ್ತದೆ.

ನಿದ್ದೆ ಹತ್ತುವುದೇ ಕಷ್ಟ ಅನ್ನುವವರು ಮುಕ್ಕಾಲು ಗಂಟೆಗೆ ಟೈಮರ್ ಇಟ್ಟರೆ ಸಾಕು, ಸದ್ದು ನಿಧಾನಕ್ಕೆ ಇಳಿದು ನಿಲ್ಲುವ ಹಾಗಿರಲಿ. ತಟ್ಟನೆ ನಿಂತರೆ ಅದೂ ಒಂದು ಬದಲಾವಣೆಯೇ ಅಲ್ವಾ? ಹೊರಗಿನ ಗಲಾಟೆಗೆ ಎಚ್ಚರವಾಗುವವರಿಗೆ ಟೈಮರ್ ಕೆಲಸಕ್ಕೆ ಬಾರದು. ಬೆಳಗಿನ ಜಾವದ ಮೊದಲ ಬಸ್ಸು ಬರುವಾಗಲೂ ಸದ್ದು ಇರಬೇಕು. ರಾತ್ರಿಯಿಡೀ ಹಾಕಿ, ಆದರೆ ಸಣ್ಣಗೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಿನ ಗದ್ದಲಕ್ಕೆ ನಮ್ಮ ಕಾನೂನು ಇಟ್ಟ ಮಿತಿ 45 ಡೆಸಿಬೆಲ್. ಹೊರಗಿನವರಿಗೆ ಇಟ್ಟ ಮಿತಿಯನ್ನು ನಮ್ಮ ದಿಂಬಿನ ಬಳಿ ನಾವೇ ಮೀರಬಾರದು. ಮಂಚದ ಮೇಲೆ ಮಲಗಿ ಮೆಲ್ಲಗೆ ಆಡಿದ ಮಾತು ಪಕ್ಕದವರಿಗೆ ಸಲೀಸಾಗಿ ಕೇಳಿದರೆ ಹದ ಸರಿ ಇದೆ ಅಂದುಕೊಳ್ಳಬಹುದು. ಇಯರ್‌ಫೋನ್ ಹಾಕಿಕೊಂಡು ಮಲಗುವುದು ಬೇಡ. ಕಿವಿ ನೋಯುತ್ತದೆ, ಮನೆಯವರು ಕರೆದರೂ ಕೇಳುವುದಿಲ್ಲ.

ಮಕ್ಕಳ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಶಿಶುಗಳಿಗೆ ಅಂತ ಮಾರುವ 14 ಸದ್ದಿನ ಯಂತ್ರಗಳನ್ನು ಅಳೆದ ಅಧ್ಯಯನವೊಂದು 2014ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂತು. ಪೂರ್ತಿ ಜೋರಿನಲ್ಲಿ, 30 ಸೆಂ.ಮೀ. ದೂರದಲ್ಲಿ, ಅವುಗಳಲ್ಲಿ 3 ಯಂತ್ರಗಳು 85 ಡೆಸಿಬೆಲ್ ದಾಟಿದ್ದವು. ತೊಟ್ಟಿಲಿಗೆ ಫೋನು ಕಟ್ಟಬೇಡಿ. ಕೋಣೆಯ ಇನ್ನೊಂದು ಮೂಲೆಯಲ್ಲಿ ಸಣ್ಣಗೆ ಇಡಿ, ಮಗು ಮಲಗಿದ ಮೇಲೆ ನಿಲ್ಲಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನೂ ಹೇಳಬೇಕು. ಪ್ರಕೃತಿಯ ಸದ್ದು ಮೈಮನಸ್ಸನ್ನು ಸಡಿಲಗೊಳಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ಅಧ್ಯಯನಗಳಿವೆ. 2017ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಪ್ರಯೋಗದಲ್ಲಿ, ಕೃತಕ ಸದ್ದಿಗಿಂತ ಪ್ರಕೃತಿಯ ಸದ್ದು ಕೇಳುವಾಗ ಜನರ ಗಮನ ಒಳಗಿನ ಚಿಂತೆಯಿಂದ ಹೊರಕ್ಕೆ ತಿರುಗಿದ್ದು ಮಿದುಳಿನ ಸ್ಕ್ಯಾನಿನಲ್ಲಿ ಕಂಡಿತ್ತು. ಆದರೆ ಒಂದೇ ಸಮನಾದ ಸದ್ದು ರಾತ್ರಿಯ ನಿದ್ದೆಯನ್ನು ಸುಧಾರಿಸುತ್ತದಾ ಅಂತ 38 ಅಧ್ಯಯನಗಳನ್ನು ನೋಡಿದ 2021ರ ಪರಿಶೀಲನೆಗೆ ಸಿಕ್ಕ ಪುರಾವೆ ದುರ್ಬಲ. ಅಂದರೆ ಇದು ಔಷಧಿಯಲ್ಲ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದರೆ ವೈದ್ಯರನ್ನು ಕಾಣಿ. ಗೊರಕೆ ನಡುವೆ ಉಸಿರು ನಿಂತಂತಾಗುವವರಿಗೆ ಜಲಪಾತ ಹಾಕಿ ಗೊರಕೆ ಮುಚ್ಚುವುದು ಅಪಾಯ, ಮೊದಲು ತಪಾಸಣೆ ಆಗಲಿ. ಚಿಂತೆಯೇ ನಿದ್ದೆ ಕೆಡಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು.

ನಿಮ್ಮದೇ ಸದ್ದು ಮುದ್ರಿಸಿಕೊಳ್ಳಿ

ಎಲ್ಲ ಆಯ್ಕೆಗಳ ನಡುವೆ ನನ್ನ ಮನಸ್ಸು ವಾಲುವುದು ಇದಕ್ಕೇ. ಮಲೆನಾಡಿನಲ್ಲಿದ್ದುಕೊಂಡು ಬೇರೆ ದೇಶದ ಮಳೆ ಯಾಕೆ? ನೀವು ಮಲಗಿ ಬೆಳೆದ ಮನೆಯ ಮಳೆ ನಿಮ್ಮ ಕಿವಿಗೆ ಆಗಲೇ ಪರಿಚಯ, ಅದರಲ್ಲಿ ಹೊಸದಾಗಿ ಗಮನಿಸುವಂಥದ್ದು ಏನೂ ಇರುವುದಿಲ್ಲ.

ಜುಲೈನಲ್ಲಿ ಗಾಳಿ ಕಡಿಮೆ ಇರುವ ರಾತ್ರಿ ಆರಿಸಿ. ಫೋನನ್ನು ಕಿಟಕಿಯ ಒಳಬದಿ, ಮಡಚಿದ ಟವೆಲ್ ಮೇಲೆ ಇಡಿ. ಸೂರಿನ ನೀರು ಬೀಳುವ ಕಡೆಯಿಂದ ದೂರ ಇರಲಿ. ಏರೋಪ್ಲೇನ್ ಮೋಡ್ ಹಾಕಿ, ಫ್ರಿಜ್ಜು ಗುಂಯ್ ಅನ್ನುತ್ತಿದ್ದರೆ ಬೇರೆ ಕೋಣೆ ನೋಡಿ. ಕೆಲವು ಫೋನುಗಳ ರೆಕಾರ್ಡರು ಮಳೆಯನ್ನೇ ಗದ್ದಲ ಅಂದುಕೊಂಡು ತೆಗೆದುಹಾಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ನಾಯ್ಸ್ ರಿಡಕ್ಷನ್’ ಇದ್ದರೆ ಆಫ್ ಮಾಡಿ, ಮೊದಲು ಎರಡು ನಿಮಿಷ ಮುದ್ರಿಸಿ ಕೇಳಿ ನೋಡಿ. ಕುಗ್ಗಿಸದ ವೇವ್ ಫೈಲಾದರೆ ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಗಂಟೆಗೆ 600 ಎಂಬಿ ಆಗುತ್ತದೆ, ಅಷ್ಟು ಜಾಗ ಇಟ್ಟುಕೊಳ್ಳಿ. ಮುಗಿದ ಮೇಲೆ ಶುರುವಿನ ಮತ್ತು ಕೊನೆಯ ಒಂದೊಂದು ನಿಮಿಷ ಕತ್ತರಿಸಿ, ನಿಮ್ಮ ಹೆಜ್ಜೆ ಸದ್ದೂ ಬಾಗಿಲ ಸದ್ದೂ ಅಲ್ಲೇ ಇರುತ್ತವೆ. ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ಮಕ್ಕಳಿಗೆ ಕಳಿಸುವುದಾದರೆ ವಾಟ್ಸಾಪಿನಲ್ಲಿ ಆಡಿಯೋ ಬದಲು ಡಾಕ್ಯುಮೆಂಟ್ ಆಗಿ ಕಳಿಸಿ.